ದೇಹದಾನದ ಕಾರ್ಡ್ ಇದೆ ಎಂದು ನಿಶ್ಚಿಂತರಾಗಬೇಡಿ

ಎಂಬತ್ತು ದಾಟಿದ ಹಿರಿಯರೊಬ್ಬರು ದೇಹದಾನಕ್ಕೆ ಎಂದೋ ಸಹಿ ಹಾಕಿದ್ದರು, ಮಕ್ಕಳದ್ದೂ ಒಪ್ಪಿಗೆಯಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಹಾಸಿಗೆ ಹಿಡಿದು, ಕೆಲವೇ ವಾರಗಳಲ್ಲಿ ಮನೆಯಲ್ಲೇ ತೀರಿಕೊಂಡರು. ಮೆಡಿಕಲ್ ಕಾಲೇಜಿಗೆ ಫೋನ್ ಮಾಡಿದರೆ ಮೊದಲು ಕೇಳಿದ್ದು ಡಾಕ್ಟರ ಸರ್ಟಿಫಿಕೇಟು. ಬಿದ್ದ ಸಂಗತಿ ತಿಳಿದ ಡಾಕ್ಟರು ಸಹಜ ಸಾವು ಎಂದು ಬರೆದುಕೊಡಲು ಒಪ್ಪಲಿಲ್ಲ. ಪೊಲೀಸರು ಬಂದರು, ಯುಡಿಆರ್ (ಅಸಹಜ ಸಾವಿನ ವರದಿ) ಆಯಿತು, ಪೋಸ್ಟ್‌ಮಾರ್ಟಂ ಆಯಿತು. ಅಷ್ಟಾದ ಮೇಲೆ ಕಾಲೇಜಿನ ಅನಾಟಮಿ (ದೇಹರಚನಾ) ವಿಭಾಗದವರು ದೇಹ ಬೇಡವೆಂದರು.

ಅವರದು ಹಟವಲ್ಲ. ದೇಹ ಕೆಡದಂತೆ ತೊಡೆಯ ಅಥವಾ ಕುತ್ತಿಗೆಯ ರಕ್ತನಾಳದ ಮೂಲಕ ಲೀಟರುಗಟ್ಟಲೆ ಫಾರ್ಮಲಿನ್ ದ್ರಾವಣ ತುಂಬಿಸಬೇಕು. ಪೋಸ್ಟ್‌ಮಾರ್ಟಂನಲ್ಲಿ ನಾಳಗಳು ತುಂಡಾಗಿರುತ್ತವೆ, ಹಾಕಿದ್ದೆಲ್ಲ ಸೋರಿಹೋಗುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ ಅಥವಾ ಸಿ ಇದ್ದವರ, ಕೊಳೆಯತೊಡಗಿದ, ಅಂಗಾಂಗ ತೆಗೆದ ದೇಹಗಳನ್ನೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣು ಕೊಟ್ಟಿದ್ದರೆ ಅಡ್ಡಿಯಿಲ್ಲ. ಕಣ್ಣಿಗೆ ಇರುವುದು ಆರು ಗಂಟೆ ಮಾತ್ರ: ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯಡಿಗೆ ದಿಂಬು ಕೊಟ್ಟು, ಫ್ಯಾನ್ ಆರಿಸಿ, ನೇತ್ರ ಬ್ಯಾಂಕಿಗೆ ತಕ್ಷಣ ಹೇಳಿ. ಮನೆಗೇ ಬರುತ್ತಾರೆ.

ಇನ್ನೊಂದು ತೊಡಕು ಮನೆಯೊಳಗಿನದೇ. ಕಾರ್ಡ್ ಏನೇ ಹೇಳಲಿ, ಸಾವಿನ ನಂತರ ವಾರಸುದಾರರು ಒಪ್ಪಬೇಕು. ದೂರದೂರಿನಿಂದ ಬಂದ ಒಬ್ಬ ಮಗ ಬೇಡವೆಂದರೂ ಕಾಲೇಜು ಹಿಂದೆ ಸರಿಯುತ್ತದೆ. ಈ ಮಾತುಕತೆ ಹಿರಿಯರು ಇರುವಾಗಲೇ, ಅವರ ಎದುರಲ್ಲೇ ಆಗಬೇಕು.

ಮನೆಯಲ್ಲಿ ಯಾರಾದರೂ ಬಿದ್ದು ಮೂಳೆ ಮುರಿದಿದ್ದರೆ ಅದನ್ನು ಮುಚ್ಚಿಡಬೇಡಿ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಎಂದು ಬರೆದಿದ್ದಾರೆಯೇ, ಮುಂದೆ ಏನಾದರೂ ಆದರೆ ಸರ್ಟಿಫಿಕೇಟು ಯಾರು ಕೊಡುತ್ತಾರೆ ಎಂದು ಡಿಸ್ಚಾರ್ಜ್ ದಿನವೇ ಕೇಳಿಕೊಳ್ಳಿ. ಮನೆಯಲ್ಲಿ ಸತ್ತರೆ ಬೇಕಾಗುವುದು ನಮೂನೆ 4ಎ, ಅಂದರೆ ಸಾವಿನ ಕಾರಣ ಹೇಳುವ ಡಾಕ್ಟರ ಸರ್ಟಿಫಿಕೇಟು; ಅದನ್ನು ಕೊನೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ಡಾಕ್ಟರೇ ಬರೆಯಬೇಕು. ಭಾನುವಾರ, ರಾತ್ರಿ ಹೊತ್ತು ದೇಹ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬುದನ್ನೂ ಕಾಲೇಜಿನಲ್ಲಿ ವಿಚಾರಿಸಿಡಿ. ಫ್ರೀಜರ್ ಬಾಕ್ಸ್ ಕೊಳೆಯುವುದನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ.

ದಾನವಾದರೆ ಸ್ಮಶಾನದ ರಸೀದಿ ಇರುವುದಿಲ್ಲ. ಕಾಲೇಜು ಕೊಡುವ ಸ್ವೀಕೃತಿ ಪತ್ರ ಜೋಪಾನ; ಮರಣ ನೋಂದಣಿಗೆ 21 ದಿನ ಅವಕಾಶ, ತಡವಾದರೆ ದಂಡ. ದಾನ ತಪ್ಪಿ ವಿದ್ಯುತ್ ಚಿತಾಗಾರಕ್ಕೆ ಹೋಗುವಂತಾದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ ತೆಗೆಸಿ. ಶಾಖಕ್ಕೆ ಅದರ ಬ್ಯಾಟರಿ ಸಿಡಿಯಬಹುದು.