ರಿಪೇರಿ ಬೇಕಾದ ಹಳೆಯ ಗಿಟಾರೋ, ಅಂಗಡಿಯ ಹೊಸದೋ: ಕಲಬುರಗಿಯಲ್ಲಿ ಅಳೆದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಂಡಿದ್ದು ಹಳೆಯ ಗಿಟಾರನ್ನೇ. ಆದರೆ ಎಲ್ಲಕ್ಕಿಂತ ಅಗ್ಗವಾಗಿ ಸಿಗುತ್ತಿದ್ದ ಹಳೆಯದನ್ನಲ್ಲ. ಅಕ್ಕನ ಮಗ ಪಿಯುಸಿ ಮುಗಿಸಿ, ಗಿಟಾರ್ ಕಲಿಯಲೇಬೇಕು ಎಂದು ಹಟ ಹಿಡಿದಿದ್ದ. "ಮಾಮಾ, ನಂಗೇನ್ ತಿಳಿತದ, ನೀವೇ ನೋಡ್ರಿ" ಎಂದು ಹುಡುಕುವ ಕೆಲಸ ನನಗೇ ಗಂಟು ಹಾಕಿದ. ನಾನು ಭಜನೆಯಲ್ಲಿ ಹಾರ್ಮೋನಿಯಂ ಬಾರಿಸುವವನು. ಗಿಟಾರ್ ಸುಮಾರಾಗಿ ಬರುತ್ತದೆ.

ಕೊನೆಗೆ ಮೂರು ಗಿಟಾರ್ ಉಳಿದವು. ಶಹಾಬಜಾರ್‌ನ ಕಾಕಾ ಒಬ್ಬರ ಹಳೆಯ ಆರ್ಕೆಸ್ಟ್ರಾ ಗಿಟಾರ್, ₹2,000. ಓದು ಮುಗಿಸಿ ಹಾಸ್ಟೆಲ್‌ನಿಂದ ಊರಿಗೆ ಹೊರಟಿದ್ದ ಇಂಜಿನಿಯರಿಂಗ್ ಹುಡುಗನ ಗಿಟಾರ್, ₹5,000. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ ಹೊಸದು, ₹9,000. ಹಳೆಯವೆರಡಕ್ಕೂ ರಿಪೇರಿ ಬೇಕಿತ್ತು. ನನ್ನ ಜೊತೆ ಹೋಗಿದ್ದು ಶಾಲೆ ಮಕ್ಕಳ ಉದ್ದನೆಯ ಸ್ಟೀಲ್ ಸ್ಕೇಲ್, ಮೊಬೈಲಿನ ಟಾರ್ಚ್, ಒಂದು ವಿಸಿಟಿಂಗ್ ಕಾರ್ಡ್. ಇಷ್ಟಿದ್ದರೆ ಸಾಕು.

ಕಾಕಾನ ಗಿಟಾರ್ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸುವಂಥದ್ದು. ಕೋಲ್ಕತ್ತಾದಲ್ಲಿ ಮಾಡಿದ್ದು, ಬಣ್ಣ ಹಳದಿಗೆ ತಿರುಗಿ ಚೆಂದ ಕಾಣುತ್ತಿತ್ತು. ಗಣೇಶನ ಹಬ್ಬದ ಕಾರ್ಯಕ್ರಮಗಳಲ್ಲಿ ಬಾರಿಸಿದ್ದಂತೆ. "ತಮ್ಮಾ, ಹೊಸ ತಂತಿ ಹಾಕು, ಆಮ್ಯಾಲ ನೋಡು ಹ್ಯಾಂಗ್ ಬಾರಿಸ್ತದ" ಎಂದರು. ದನಿಯೂ ದೊಡ್ಡದಾಗಿತ್ತು, ಸುಳ್ಳಲ್ಲ. ಆದರೆ ಐದನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ದಾಟಿದ ಮೇಲೆ ತಂತಿ ಒತ್ತಲು ಬೆರಳಿನ ಜೀವ ಹೋಗುತ್ತಿತ್ತು.

ಅಳೆದೆ. ಹನ್ನೆರಡನೇ ಫ್ರೆಟ್‌ನ ನೆತ್ತಿಯಿಂದ ದಪ್ಪ ತಂತಿಯ ತಳಕ್ಕೆ ಎಷ್ಟು ಅಂತರ ಇದೆಯೋ ಅದೇ ಆಕ್ಷನ್. ಅಕೌಸ್ಟಿಕ್ ಗಿಟಾರ್‌ನಲ್ಲಿ ದಪ್ಪ ತಂತಿಗೆ 2.5 ಮಿ.ಮೀ. ಆಸುಪಾಸು, ತೆಳು ತಂತಿಗೆ 2 ಮಿ.ಮೀ. ಒಳಗಿದ್ದರೆ ಕಲಿಯುವವರಿಗೆ ಹಿತ. ಇಲ್ಲಿ 5 ಮಿ.ಮೀ. ಇತ್ತು. ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ, "ಸ್ಯಾಡಲ್ ಉಜ್ಜಿ ಇಳಿಸಿದರಾಯಿತು." ಗಿಟಾರಿನ ಮೈಮೇಲೆ ಅಂಟಿಸಿದ, ತಂತಿಗಳ ತುದಿ ಸಿಕ್ಕಿಸುವ ಮರದ ತುಂಡು ಬ್ರಿಡ್ಜ್; ಅದರ ಮೇಲೆ ತಂತಿ ಕೂರುವ ಸಣ್ಣ ಪಟ್ಟಿ ಸ್ಯಾಡಲ್. ಅಲ್ಲೊಂದು ಲೆಕ್ಕ ಇದೆ. ಹನ್ನೆರಡನೇ ಫ್ರೆಟ್ ತಂತಿಯ ನಟ್ಟನಡುವೆ ಬರುತ್ತದೆ. ಅಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ 2 ಮಿ.ಮೀ. ತೆಗೆಯಬೇಕು. ಅಂದರೆ ಈ ಗಿಟಾರ್‌ಗೆ ಸ್ಯಾಡಲ್‌ನಿಂದ 5 ಮಿ.ಮೀ. ಹೋಗಬೇಕು. ಬ್ರಿಡ್ಜ್‌ನಿಂದ ಮೇಲೆ ಉಳಿದಿದ್ದ ಸ್ಯಾಡಲ್ಲೇ 2 ಮಿ.ಮೀ. ಹಿಂದೆ ಯಾರೋ ಉಜ್ಜಬೇಕಾದಷ್ಟೂ ಉಜ್ಜಿ ಮುಗಿಸಿದ್ದರು.

ಹಾಗಾದರೆ ತೊಂದರೆ ಎಲ್ಲಿ? ಉದ್ದನೆಯ ಸ್ಕೇಲನ್ನು ಫ್ರೆಟ್‌ಗಳ ಮೇಲೆ ಮಲಗಿಸಿ ಬ್ರಿಡ್ಜ್ ಕಡೆ ಸರಿಸಿದೆ. ಕುತ್ತಿಗೆ ಸರಿಯಾದ ಕೋನದಲ್ಲಿದ್ದರೆ ಸ್ಕೇಲಿನ ತುದಿ ಬ್ರಿಡ್ಜ್‌ನ ಮೇಲಂಚಿಗೆ ಬಂದು ಕೂರುತ್ತದೆ. ಇಲ್ಲಿ ಅದು ಬ್ರಿಡ್ಜ್‌ನ ಮುಖಕ್ಕೆ, ಮೇಲಂಚಿಗಿಂತ ಸಾಕಷ್ಟು ಕೆಳಗೆ ಬಡಿಯಿತು. ವರ್ಷಾನುಗಟ್ಟಲೆ ತಂತಿಯ ಎಳೆತಕ್ಕೆ ಕುತ್ತಿಗೆ ಮುಂದಕ್ಕೆ ವಾಲಿದೆ, ಬ್ರಿಡ್ಜ್ ಹಿಂದಿನ ಹಲಗೆ ಹೊಟ್ಟೆ ಬಿಟ್ಟಿದೆ. ಆಶ್ಚರ್ಯವೇನಿಲ್ಲ. 12ರ ಸೆಟ್ (ಅತಿ ತೆಳು ತಂತಿ 0.012 ಇಂಚು ದಪ್ಪ ಇರುವ ಸೆಟ್) ತಂತಿಗಳು ಶ್ರುತಿಗೆ ಬಂದಾಗ ಎಲ್ಲಾ ಸೇರಿ 70 ಕಿಲೋಗೂ ಜಾಸ್ತಿ ಎಳೆಯುತ್ತವೆ. ಬಾರಿಸದೆ ಗೋಡೆಗೆ ನೇತು ಹಾಕಿದ್ದರೂ ಆ ಎಳೆತ ಇದ್ದೇ ಇರುತ್ತದೆ.

ಬ್ರಿಡ್ಜ್‌ನ ಹಿಂಬದಿಗೆ ಕಾರ್ಡ್ ತೂರಿಸಿದೆ. ಸಲೀಸಾಗಿ ಒಳಗೆ ಹೋಯಿತು. ಟಾರ್ಚ್ ಬಿಟ್ಟು ನೋಡಿದರೆ ಹಿಂದೊಮ್ಮೆ ಎದ್ದಾಗ ಎಂ-ಸೀಲ್ ಮೆತ್ತಿದ ಗುರುತು. ಮರಕ್ಕೆ ಮರ ಅಂಟಬೇಕಾದರೆ ಎರಡೂ ಬದಿ ಬರಿಯ ಮರವೇ ಇರಬೇಕು. ಎಂ-ಸೀಲ್ ಕೂತ ಜಾಗದಲ್ಲಿ ಮೊದಲು ಅದನ್ನು ಕೆರೆದು ತೆಗೆಯುವುದೇ ಅರ್ಧ ದಿನದ ಕೆಲಸ. ತೆಗೆಯುವಾಗ ಮೇಲಿನ ಹಲಗೆಯ ಸಿಬಿರೂ ಕಿತ್ತು ಬರುತ್ತದೆ.

ನಮ್ಮ ಹಾರ್ಮೋನಿಯಂ ರಿಪೇರಿ ಮಾಡುವ ಅಣ್ಣನಿಗೆ ತೋರಿಸಿದೆ. ಕೈ ಪಳಗಿದ ಮನುಷ್ಯ, ಸುಮ್ನೆ ಹೂಂ ಅನ್ನುವವನಲ್ಲ. "ಬ್ರಿಡ್ಜ್ ಕೂಡಸ್ತೀನ್ರಿ, ಆದ್ರ ಕುತ್ತಿಗಿ ಬಿಚ್ಚಿ ಕೂಡ್ಸೋದು ನಂಗ ಆಗಂಗಿಲ್ಲ" ಎಂದ. ಬ್ರಿಡ್ಜ್‌ಗೂ ಆತ ಹಚ್ಚುವುದು ಬಡಗಿಗಳ ಬಿಳಿ ಗೋಂದು. ಅದು ಪೀಠೋಪಕರಣಕ್ಕೆ ಗಟ್ಟಿ, ನಿಜ. ಆದರೆ ಹಗಲೂ ರಾತ್ರಿ ಒಂದೇ ದಿಕ್ಕಿಗೆ ಎಳೆತ ಬೀಳುವ ಕಡೆ, ಅದರಲ್ಲೂ ನಮ್ಮ ಮೇ ತಿಂಗಳ ಬಿಸಿಲಿಗೆ, ನಿಧಾನಕ್ಕೆ ಜಾರುತ್ತದೆ. ಕುತ್ತಿಗೆ ಬಿಚ್ಚಿ ಕೋನ ಸರಿಪಡಿಸುವವರು ಹೈದರಾಬಾದ್‌ನಲ್ಲಿ ಸಿಗುತ್ತಾರೆ. ಫೋನಿನಲ್ಲಿ ಕೇಳಿದ ದರಕ್ಕೆ ಅಂಗಡಿಯ ಹೊಸ ಗಿಟಾರೇ ಬರುತ್ತಿತ್ತು. ಸೊಲ್ಲಾಪುರದ ಮೇಲಿಂದ ಮಿರಜ್‌ಗೂ ಹೋಗಬಹುದು, ಆದರೆ ಅಲ್ಲಿನವರ ಹೆಸರು ಸಿತಾರ್, ತಂಬೂರಿಗೆ. ಗಿಟಾರ್ ಕುತ್ತಿಗೆಗೆ ಅಲ್ಲಿಗೆ ಹೋಗಿ ಎಂದು ನಾನಂತೂ ಹೇಳಲಾರೆ.

ಕಾಕಾನ ಗಿಟಾರ್‌ಗೆ ಟ್ರಸ್ ರಾಡ್, ಅಂದರೆ ಕುತ್ತಿಗೆಯೊಳಗೆ ಇರುವ, ತಿರುಗಿಸಿ ಬಿಗಿ ಮಾಡುವ ಲೋಹದ ಸರಳು ಕೂಡ ಇರಲಿಲ್ಲ. ಇದ್ದಿದ್ದರೂ ಇಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ತುಂಬಾ ಜನ ಇದರಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಟ್ರಸ್ ರಾಡ್ ಸರಿ ಮಾಡುವುದು ಕುತ್ತಿಗೆಯ ಬಾಗನ್ನು. ಕುತ್ತಿಗೆ ಬುಡದಲ್ಲೇ ವಾಲಿದ್ದರೆ ಎಷ್ಟು ತಿರುಗಿಸಿದರೂ ಅದು ನೆಟ್ಟಗಾಗದು. ಇಂಥ ಗಿಟಾರ್ ಪೂರ್ತಿ ನಿರುಪಯೋಗಿಯೂ ಅಲ್ಲ. ಮಡಿಲಲ್ಲಿ ಮಲಗಿಸಿಕೊಂಡು ಸ್ಟೀಲ್ ಕಡ್ಡಿಯಿಂದ ಜಾರಿಸಿ ಬಾರಿಸುವವರಿಗೆ ತಂತಿ ಎತ್ತರದಲ್ಲೇ ಇರಬೇಕು. ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ ಹಿಂದುಸ್ತಾನಿ ರಾಗ ನುಡಿಸಿದ್ದು ಈ ಬಗೆಯಲ್ಲೇ. ರಾಗದ ಹುಚ್ಚಿರುವವರು ಬ್ರಿಡ್ಜ್ ಒಂದನ್ನು ಗಟ್ಟಿ ಮಾಡಿಸಿ ಕೊಂಡರೆ ₹2,000 ಜಾಸ್ತಿಯಲ್ಲ. ನಮ್ಮ ಹುಡುಗನಿಗೆ ಬೇಕಿದ್ದದ್ದು ಹಾಡಿಗೆ ಕೋರ್ಡ್ (ಹಲವು ತಂತಿ ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿಯುವುದು.

ಹಾಸ್ಟೆಲ್ ಹುಡುಗನ ಗಿಟಾರ್ ನೋಡಲು ಅಷ್ಟಕ್ಕಷ್ಟೇ. ಮೈಮೇಲೆ ಸ್ಟಿಕ್ಕರ್ ಕಿತ್ತ ಕಲೆ, ಮೂಲೆಯಲ್ಲಿ ಬಡಿದ ತಗ್ಗು, ತಂತಿಗಳು ತುಕ್ಕು ಹಿಡಿದು ಬೆರಳೆಲ್ಲ ಕಪ್ಪು. ಒಂದು ಟ್ಯೂನಿಂಗ್ ಕೀ ಸುಮ್ಮನೆ ಸುತ್ತುತ್ತಿತ್ತು, ತಂತಿ ಬಿಗಿಯುತ್ತಲೇ ಇರಲಿಲ್ಲ. ಕಾಕಾನದರ ಪಕ್ಕ ಇಟ್ಟರೆ ಯಾರೂ ಇದನ್ನು ಕೈಗೆತ್ತಿಕೊಳ್ಳುವುದಿಲ್ಲ.

ಆದರೆ ಸ್ಕೇಲ್ ಇಟ್ಟರೆ ತುದಿ ಬ್ರಿಡ್ಜ್‌ನ ಮೇಲಂಚಿಗೇ ಬಂತು. ಕಾರ್ಡ್ ಬ್ರಿಡ್ಜ್‌ನ ಯಾವ ಬದಿಯಲ್ಲೂ ತೂರಲಿಲ್ಲ. ಹನ್ನೆರಡನೇ ಫ್ರೆಟ್‌ನಲ್ಲಿ 3.5 ಮಿ.ಮೀ. ಇತ್ತು, ಸ್ಯಾಡಲ್ ಬ್ರಿಡ್ಜ್‌ನಿಂದ 5 ಮಿ.ಮೀ. ಮೇಲಿತ್ತು. 2 ಮಿ.ಮೀ. ತೆಗೆದರೂ 3 ಉಳಿಯುತ್ತದೆ, ಆಕ್ಷನ್ 2.5ಕ್ಕೆ ಬರುತ್ತದೆ. ದಪ್ಪ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲೂ ಹದಿನಾಲ್ಕರಲ್ಲೂ ಒತ್ತಿ ಹಿಡಿದು ಏಳರ ಹತ್ತಿರ ನೋಡಿದೆ. ಅಲ್ಲಿ ಸುಮಾರು 0.3 ಮಿ.ಮೀ. ಸಂದು ಇದ್ದರೆ ಸಾಕು, ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು. ಇಲ್ಲಿ ಎರಡು ಕಾರ್ಡ್ ಹಿಡಿಯುವಷ್ಟಿತ್ತು. ಟ್ರಸ್ ರಾಡ್ ಇದ್ದುದರಿಂದ ಅದೇನೂ ದೊಡ್ಡ ಮಾತಲ್ಲ. ಅಲೆನ್ ಕೀಯನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ಅಳೆದರಾಯಿತು. ಒಂದೇ ಸಲ ಜೋರಾಗಿ ತಿರುಗಿಸಬಾರದು. ರಾಡ್ ಮುರಿದರೆ ಗಿಟಾರ್ ಹೋದಂತೆಯೇ.

ಹುಡುಗ ₹4,200ಕ್ಕೆ ಒಪ್ಪಿದ. ಆರು ಕೀಗಳ ಸೆಟ್ಟನ್ನೇ ಬದಲಿಸಿದೆ, ₹600. ಒಂದೇ ಕೀ ಹುಡುಕುತ್ತಾ ಕೂತರೆ ಹೊಂದುವುದು ಸಿಗುವುದಿಲ್ಲ. ಎಲುಬಿನ ಸ್ಯಾಡಲ್ ₹250. ಹಳೆಯ ಪ್ಲಾಸ್ಟಿಕ್‌ನದ್ದನ್ನೇ ಉಜ್ಜಬಹುದಿತ್ತು, ಆದರೆ ಉಜ್ಜಿದ್ದು ಜಾಸ್ತಿಯಾದರೆ ಹಿಂದಿನದು ಕೈಯಲ್ಲಿರಲಿ ಎಂದು ಹೊಸದು ತಂದೆ. ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ, ಸ್ಯಾಡಲ್‌ನ ತಳವನ್ನು ಮಾತ್ರ ಸಮನಾಗಿ ಉಜ್ಜಬೇಕು. ಮೇಲ್ಭಾಗದ ವಾಲಿಕೆಗೆ ಕೈ ಹಚ್ಚಬಾರದು. ತಂತಿ 10ರ ಸೆಟ್, ₹450. ಇದರ ಎಳೆತ 60 ಕಿಲೋ ಆಸುಪಾಸು, ಹೊಸ ಬೆರಳಿಗೂ ಹಳೆಯ ಬ್ರಿಡ್ಜ್‌ಗೂ ಒಳ್ಳೆಯದು. ಎಲ್ಲಾ ಸೇರಿ ₹5,500. ಕೆಲಸವೆಲ್ಲ ಮನೆಯಲ್ಲೇ ಆಯಿತು. ಕೀಗಳ ಸ್ಕ್ರೂ ತೂತು ಮಾತ್ರ ಹೊಂದಲಿಲ್ಲ, ಅದನ್ನು ಹಾರ್ಮೋನಿಯಂ ಅಣ್ಣನೇ ಕೊರೆದು ಕೊಟ್ಟ, ದುಡ್ಡು ತಗೊಳ್ಳಲಿಲ್ಲ.

ಹೊಸದರ ಬಗ್ಗೆ ಹೇಳುವುದು ಕಡಿಮೆ. ಚೊಕ್ಕಟವಾಗಿತ್ತು, ಬ್ಯಾಗ್ ಜೊತೆಗೆ ಕೊಡುತ್ತಿದ್ದರು, ವಾರಂಟಿ ಇತ್ತು. ಅದರ ಆಕ್ಷನ್ನೂ 3 ಮಿ.ಮೀ. ಇತ್ತು. ಈ ಬೆಲೆಯ ಗಿಟಾರ್‌ಗಳನ್ನು ಕಾರ್ಖಾನೆಯವರು ಸ್ವಲ್ಪ ಎತ್ತರದಲ್ಲೇ ಬಿಟ್ಟು ಕಳಿಸುವುದು ಮಾಮೂಲು. ಅಂದರೆ ಹೊಸದಕ್ಕೂ ಸ್ಯಾಡಲ್ ಉಜ್ಜುವ ಕೆಲಸ ತಪ್ಪಿದ್ದಲ್ಲ. ಮನೆಯಲ್ಲಿ ಸ್ಕೇಲ್ ಹಿಡಿದು ನೋಡುವವರು ಯಾರೂ ಇಲ್ಲ ಅಂದರೆ ಹೊಸದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಅಂಗಡಿಯವರು "ಮೇಲಿನ ಹಲಗೆ ಪ್ಲೈ ಅಲ್ಲ, ಇಡೀ ಮರದ್ದು" ಎಂದು ಇನ್ನೂ ದುಬಾರಿಯದೊಂದನ್ನು ತೋರಿಸಿದರು. ದನಿ ನಿಜಕ್ಕೂ ಚೆನ್ನಾಗಿತ್ತು. ನಮ್ಮ ಊರಿಗೆ ನಾನು ಪ್ಲೈ ಹಲಗೆಯನ್ನೇ ಆರಿಸುತ್ತೇನೆ. ಗಿಟಾರ್‌ಗೆ ಗಾಳಿಯಲ್ಲಿ ಶೇಕಡಾ 45ರಿಂದ 55 ತೇವ ಇದ್ದರೆ ಕ್ಷೇಮ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿ ಬಾಗಿಲ ಮರವೇ ಬಿರಿಯುವ ಊರಿನಲ್ಲಿ ಅಷ್ಟು ತೇವ ಎಲ್ಲಿಂದ ತರೋಣ? ಇಡೀ ಮರದ ಹಲಗೆ ಒಣಗಿದರೆ ಸೀಳುತ್ತದೆ. ಪ್ಲೈ ಸಹಿಸಿಕೊಳ್ಳುತ್ತದೆ. ಹಾಗೆಂದು ಗಿಟಾರನ್ನು ಕೂಲರ್ ಮುಂದೆ ಇಡುವುದೂ ತಪ್ಪು. ತಣ್ಣನೆಯ ತೇವದ ಗಾಳಿ ನೇರವಾಗಿ ಬಡಿದರೆ ಮರ ಉಬ್ಬುತ್ತದೆ, ಕೂಲರ್ ನಿಂತ ಮೇಲೆ ಮತ್ತೆ ಕುಗ್ಗುತ್ತದೆ. ಬ್ಯಾಗಿನೊಳಗೆ, ಹೊರಗೋಡೆಗೆ ತಾಗದ ಮೂಲೆಯಲ್ಲಿ ಇಡಿ. ಮಧ್ಯಾಹ್ನ ಕಾರಿನಲ್ಲಂತೂ ಬಿಡಲೇಬೇಡಿ, ಆ ಕಾವಿಗೆ ಒಳಗಿನ ಗೋಂದೇ ಮೆತ್ತಗಾಗುತ್ತದೆ.

ನಾವು ಕೊಂಡ ಗಿಟಾರ್‌ನಲ್ಲಿ ಒಂದು ಕೊರತೆ ಇನ್ನೂ ಉಳಿದಿದೆ. ಮೊದಲ ಎರಡು ಫ್ರೆಟ್‌ಗಳಲ್ಲಿ ತೆಳು ತಂತಿಗಳ ಕೆಳಗೆ ಸವೆದ ಗುಣಿಗಳಿವೆ. ಸಿ ಕೋರ್ಡ್ ಹಿಡಿದಾಗ ಎರಡನೇ ತಂತಿ ಸಣ್ಣಗೆ ಝರ್ ಅನ್ನುತ್ತದೆ. ಫ್ರೆಟ್ ಸಮ ಮಾಡಿಸಲು ಹೈದರಾಬಾದ್‌ನಲ್ಲಿ ₹1,500 ಹೇಳಿದ್ದಾರೆ. ಅಳಿಯನಿಗೆ ಆ ಝರ್ ಕೇಳಿಸುವಷ್ಟು ಕಿವಿ ಬಂದ ಮೇಲೆ ಮಾಡಿಸೋಣ ಎಂದುಕೊಂಡಿದ್ದೇನೆ. ಅದೂ ಸೇರಿದರೆ ₹7,000.