ಸಿಎ ಇಂಟರ್‌ಮೀಡಿಯಟ್: ಮಾಡ್ಯೂಲ್, ಖಾಸಗಿ ತರಗತಿ, ಟೆಸ್ಟ್ ಸೀರೀಸ್‌ಗಳ ಒಂದು ವಿಮರ್ಶೆ

ಪ್ರವೇಶ ಹಂತದ ಫೌಂಡೇಶನ್ ಪರೀಕ್ಷೆ ದಾಟಿ ಬಂದವರಾಗಲಿ, ಬಿ.ಕಾಂ. ಮುಗಿಸಿ ನೇರ ಪ್ರವೇಶ ಪಡೆದವರಾಗಲಿ, ಚಾರ್ಟರ್ಡ್ ಅಕೌಂಟೆನ್ಸಿ ಕೋರ್ಸಿನ ಎರಡನೆಯ ಹಂತವಾದ ಸಿಎ ಇಂಟರ್‌ಮೀಡಿಯಟ್‌ಗೆ ನೋಂದಾಯಿಸಿಕೊಂಡ ಕೂಡಲೇ ಕೇಳುವ ಪ್ರಶ್ನೆ ಒಂದೇ: ಯಾರ ಕ್ಲಾಸ್ ತೆಗೆದುಕೊಳ್ಳಬೇಕು? ಇದು ಕೇಳಬೇಕಾದ ಪ್ರಶ್ನೆಯೇ, ಆದರೆ ಕೊನೆಯಲ್ಲಿ ಕೇಳಬೇಕಾದದ್ದು. ಪರೀಕ್ಷಕರು ಎಂಥ ಉತ್ತರಕ್ಕೆ ಅಂಕ ಕೊಡುತ್ತಾರೆ, ಆರು ಪತ್ರಿಕೆಗಳಲ್ಲಿ ಯಾವುದನ್ನು ನಾನೇ ಕುಳಿತು ಓದಿಕೊಳ್ಳಬಲ್ಲೆ ಎಂಬೆರಡು ವಿಷಯಗಳು ಮೊದಲು ತಿಳಿದರೆ, ಕೊಳ್ಳಬೇಕಾದ ತರಗತಿಗಳ ಸಂಖ್ಯೆ ಆರರಿಂದ ಎರಡಕ್ಕೋ ಮೂರಕ್ಕೋ ಇಳಿಯುತ್ತದೆ. ಪರೀಕ್ಷೆ ನಡೆಸುವ ಇನ್‌ಸ್ಟಿಟ್ಯೂಟ್ (ಐಸಿಎಐ) ಕೊಡುವ ಸಾಮಗ್ರಿ, ಖಾಸಗಿ ಅಧ್ಯಾಪಕರ ತರಗತಿ ಮತ್ತು ಉತ್ತರಗಳನ್ನು ಬರೆಸಿ ತಿದ್ದಿಕೊಡುವ ಟೆಸ್ಟ್ ಸೀರೀಸ್‌ಗಳನ್ನು ಇಲ್ಲಿ ಆ ದೃಷ್ಟಿಯಿಂದಲೇ ತೂಗಿದ್ದೇನೆ.

ಸಿಎ ಕೋರ್ಸಿನ ಹೊಸ ಶಿಕ್ಷಣ ಯೋಜನೆ 2023ರ ಜುಲೈ 1ರಿಂದ ಜಾರಿಗೆ ಬಂದಿತು. ಅದರಡಿಯ ಮೊದಲ ಇಂಟರ್ ಪರೀಕ್ಷೆ 2024ರ ಮೇ ತಿಂಗಳಲ್ಲಿ ನಡೆಯಿತು. ಹಿಂದೆ ಎಂಟಿದ್ದ ಪತ್ರಿಕೆಗಳು ಈಗ ಆರು. ಮೂರು ಮೂರರಂತೆ ಎರಡು ಗ್ರೂಪ್. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40 ಅಂಕ, ಗ್ರೂಪಿನ ಒಟ್ಟು ಅಂಕಗಳಲ್ಲಿ ಶೇ 50 ಬಂದರೆ ತೇರ್ಗಡೆ. ಗ್ರೂಪ್ ಕೈತಪ್ಪಿದರೂ ಒಂದು ಪತ್ರಿಕೆಯಲ್ಲಿ 60 ಅಥವಾ ಅದಕ್ಕಿಂತ ಹೆಚ್ಚು ಬಂದಿದ್ದರೆ ಅದನ್ನು ಮತ್ತೆ ಬರೆಯುವುದರಿಂದ ವಿನಾಯಿತಿ, ಅಂದರೆ ಎಕ್ಸೆಂಪ್ಶನ್, ದೊರೆಯುತ್ತದೆ. ಪ್ರತಿ ಪತ್ರಿಕೆಯ 30 ಅಂಕಗಳು ಬಹು ಆಯ್ಕೆಯ ಪ್ರಶ್ನೆಗಳಿಗೆ, 70 ಅಂಕಗಳು ವಿವರಣಾತ್ಮಕ ಉತ್ತರಗಳಿಗೆ ಮೀಸಲು. ತರಗತಿಗಳ ಜಾಹೀರಾತುಗಳಲ್ಲಿ ಕಾಣಿಸದೆ ಹೋಗುವುದು ಈ 70 ಅಂಕಗಳೇ. ವಿಷಯವನ್ನು ಅರ್ಥ ಮಾಡಿಸುವ ಅಧ್ಯಾಪಕರು ಹೇರಳವಾಗಿದ್ದಾರೆ. ಅರ್ಥವಾದದ್ದನ್ನು ಮೂರು ಗಂಟೆಗಳಲ್ಲಿ ಕಾಗದದ ಮೇಲೆ ಇಳಿಸುವ ಅಭ್ಯಾಸವನ್ನು ಮಾಡಿಸುವ ಸಾಮಗ್ರಿ ಬೇರೆಯೇ ಇದೆ, ಮತ್ತು ಅದರ ಬಹುಪಾಲು ಪ್ರತ್ಯೇಕ ಬೆಲೆಯಿಲ್ಲದೆ ಸಿಗುತ್ತದೆ.

ಮೊದಲಿಗೆ ಇನ್‌ಸ್ಟಿಟ್ಯೂಟ್‌ನ ಬೋರ್ಡ್ ಆಫ್ ಸ್ಟಡೀಸ್ ಹೊರತರುವ ಸ್ಟಡಿ ಮೆಟೀರಿಯಲ್. ವಿದ್ಯಾರ್ಥಿಗಳ ಮಾತಿನಲ್ಲಿ ಬರೀ 'ಮಾಡ್ಯೂಲ್'. ಇದರ ಪಿಡಿಎಫ್ ಇನ್‌ಸ್ಟಿಟ್ಯೂಟ್‌ನ ಜಾಲತಾಣದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಒಂದೊಂದು ಪತ್ರಿಕೆಗೂ ಒಂದಕ್ಕಿಂತ ಹೆಚ್ಚು ಸಂಪುಟಗಳಿದ್ದು, ಅಧ್ಯಾಯದ ನಡುವೆ ಬಿಡಿಸಿದ ಉದಾಹರಣೆಗಳೂ ಕೊನೆಯಲ್ಲಿ ಉತ್ತರಸಹಿತವಾದ ಅಭ್ಯಾಸ ಪ್ರಶ್ನೆಗಳೂ ಇರುತ್ತವೆ. ದೂರುಗಳು ಎಲ್ಲರಿಗೂ ಗೊತ್ತಿರುವವೇ: ಪುಟಗಳು ವಿಪರೀತ, ನಿರೂಪಣೆ ಒಣಕಲು, ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್‌ನಂಥ ವಿಷಯದಲ್ಲಿ ಒಂದು ಪುಟದ ಮಾತನ್ನು ನಾಲ್ಕು ಪುಟಗಳಿಗೆ ಎಳೆದಿರುತ್ತಾರೆ, ಕಾಸ್ಟಿಂಗ್‌ನಲ್ಲಿ ಕೆಲವು ಲೆಕ್ಕಗಳ ವರ್ಕಿಂಗ್ ನೋಟ್ (ಉತ್ತರದ ಅಂಕಿಗಳು ಹೇಗೆ ಬಂದವೆಂದು ತೋರಿಸುವ ಟಿಪ್ಪಣಿ) ಹಂತ ಹಾರಿಸಿ ಮುಂದಕ್ಕೆ ಓಡುತ್ತದೆ. ಇವೆಲ್ಲವೂ ನಿಜವೆಂದು ಒಪ್ಪಿಕೊಂಡ ಮೇಲೂ ಮಾಡ್ಯೂಲನ್ನು ಬದಿಗಿಡಲಾಗದು. ಪರೀಕ್ಷೆಯನ್ನು ನಡೆಸುವ ಸಂಸ್ಥೆಯೇ ಬರೆಸಿದ ಪಠ್ಯ ಅದಾಗಿರುವುದರಿಂದ ಪ್ರಶ್ನೆ ಕೇಳುವ ಭಾಷೆ, ಉತ್ತರದಲ್ಲಿ ಬಯಸುವ ಪದಗಳು, ಲೆಕ್ಕದ ನಮೂನೆ ಎಲ್ಲವೂ ಅಲ್ಲೇ ರೂಪುಗೊಳ್ಳುತ್ತವೆ. ಆಡಿಟಿಂಗ್ ಪತ್ರಿಕೆಯಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಸಾಮಾನ್ಯ ಜ್ಞಾನದಿಂದ ಬರೆದ ಉತ್ತರ ಎಷ್ಟೇ ಸರಿಯಾಗಿದ್ದರೂ, ಸಂಬಂಧಪಟ್ಟ ಆಡಿಟಿಂಗ್ ಮಾನದಂಡದ ಹೆಸರೂ ಅದರ ಮಾತುಗಳೂ ಇಲ್ಲದಿದ್ದರೆ ಸಪ್ಪೆಯಾಗಿ ಕಾಣುತ್ತದೆ. ಆ ಮಾತುಗಳನ್ನು ಮೂಲದ ಹತ್ತಿರದಲ್ಲೇ ಓದಲು ಸಿಗುವುದು ಮಾಡ್ಯೂಲ್‌ನಲ್ಲಿ.

ಮಾಡ್ಯೂಲ್‌ನ ಜೊತೆಗೆ ಇನ್ನು ಮೂರು ಪ್ರಕಟಣೆಗಳಿವೆ. ಪ್ರತಿ ಅಟೆಂಪ್ಟ್‌ಗೂ (ಪರೀಕ್ಷೆಯ ಸರದಿಗೂ) ಮುನ್ನ ಹೊರಬರುವ ರಿವಿಷನ್ ಟೆಸ್ಟ್ ಪೇಪರ್, ಮಾಕ್ ಟೆಸ್ಟ್ ಪೇಪರ್‌ಗಳು ಮತ್ತು ಪರೀಕ್ಷೆಯ ನಂತರ ಬರುವ ಸಜೆಸ್ಟೆಡ್ ಆನ್ಸರ್‌ಗಳು. ಒಂದನ್ನು ಮಾತ್ರ ಆರಿಸಿಕೊಳ್ಳಿ ಎಂದರೆ ನಾನು ಸಜೆಸ್ಟೆಡ್ ಆನ್ಸರ್‌ಗಳನ್ನೇ ಆರಿಸಿಕೊಳ್ಳುತ್ತೇನೆ. ಕಂಪನಿ ಕಾನೂನಿನ ಪ್ರಶ್ನೆಯೊಂದಕ್ಕೆ ಅಲ್ಲಿ ಕೊಟ್ಟಿರುವ ಉತ್ತರವನ್ನು ಗಮನಿಸಿ: ಮೊದಲ ಪ್ಯಾರಾದಲ್ಲಿ 2013ರ ಕಾಯ್ದೆಯ ನಿಬಂಧನೆ, ಎರಡನೆಯದರಲ್ಲಿ ಪ್ರಶ್ನೆಯ ಸಂಗತಿಗಳಿಗೆ ಅದರ ಅನ್ವಯ, ಕೊನೆಯಲ್ಲಿ ಒಂದೇ ಸಾಲಿನ ತೀರ್ಮಾನ. ಇಂಥ ಹತ್ತಾರು ಉತ್ತರಗಳನ್ನು ಪೆನ್ನು ಹಿಡಿದು ಓದಿದವರಿಗೆ ಉತ್ತರದ ಕಟ್ಟಡ ತಾನಾಗಿಯೇ ಕೈಗೆ ಹತ್ತುತ್ತದೆ. ರಿವಿಷನ್ ಟೆಸ್ಟ್ ಪೇಪರ್‌ನ ಮಹತ್ವ ಬೇರೆ ಬಗೆಯದು: ಮಾಡ್ಯೂಲ್ ಅಚ್ಚಾದ ಮೇಲೆ ಕಾನೂನಿನಲ್ಲಿ ಆದ ಬದಲಾವಣೆಗಳಲ್ಲಿ ಆ ಅಟೆಂಪ್ಟ್‌ಗೆ ಯಾವುವು ಅನ್ವಯಿಸುತ್ತವೆ ಎಂಬುದನ್ನು ಅಲ್ಲಿ ನೋಡಬಹುದು. ಖಾಸಗಿ ಅಧ್ಯಾಪಕರು ತಿದ್ದುಪಡಿಗಳ ಹೆಸರಿನಲ್ಲಿ ಮಾಡುವ ಪ್ರತ್ಯೇಕ ವಿಡಿಯೊಗಳಿಗೂ ಹೆಚ್ಚಿನಂಶ ಇದೇ ಆಧಾರ.

ಇನ್ನು ಖಾಸಗಿ ತರಗತಿಗಳು. ಹಿಂದೆ ಬೆಂಗಳೂರಿಗೋ ಮಂಗಳೂರಿಗೋ ಬಂದು ರೂಮು ಮಾಡಿಕೊಂಡು ಕಲಿಯಬೇಕಿದ್ದದ್ದನ್ನು ಈಗ ಶಿರಸಿಯಲ್ಲಿಯೋ ಸಿಂಧನೂರಿನಲ್ಲಿಯೋ ಮನೆಯಲ್ಲೇ ಕುಳಿತು ಕೇಳಬಹುದು; ಪೆನ್‌ಡ್ರೈವ್ ಅಥವಾ ಡೌನ್‌ಲೋಡ್ ಕೊಂಡಿಯ ರೂಪದಲ್ಲಿ ದೇಶದ ಯಾವ ಅಧ್ಯಾಪಕರ ಪಾಠವಾದರೂ ಸಿಗುತ್ತದೆ. ಇದು ದೊಡ್ಡ ಅನುಕೂಲವೆಂಬುದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಕಡೆಯ ವಿದ್ಯಾರ್ಥಿಗಳು ಇಲ್ಲಿ ಎದುರಿಸುವ ಮುಖ್ಯ ತೊಡಕಿನ ಬಗ್ಗೆ ಮಾರುವವರು ಮಾತಾಡುವುದಿಲ್ಲ. ಹೆಸರುವಾಸಿಯಾದ ತರಗತಿಗಳಲ್ಲಿ ಬಹಳಷ್ಟು ಉತ್ತರ ಮತ್ತು ಪಶ್ಚಿಮ ಭಾರತದ ನಗರಗಳಿಂದ ಬರುತ್ತವೆ. ಪಾಠದ ಭಾಷೆ ಹಿಂದಿ ಬೆರೆತ ಇಂಗ್ಲಿಷ್. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಮಾತ್ರ ಬರೆಯಬಹುದು, ಕನ್ನಡದಲ್ಲಿ ಬರೆಯುವ ಅವಕಾಶವಿಲ್ಲ. ಹೀಗಾಗಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಅರ್ಧ ಹಿಂದಿಯಲ್ಲಿ ಕೇಳಿ, ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಹಿಂದಿ ಸಿನಿಮಾ ಅರ್ಥವಾಗುತ್ತದೆ ಎಂಬ ಧೈರ್ಯದಿಂದ ಇಂಥ ತರಗತಿ ಕೊಳ್ಳುವವರಿದ್ದಾರೆ. ಜಿಎಸ್‌ಟಿಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ನ ಷರತ್ತುಗಳನ್ನು ವೇಗದ ಹಿಂದಿಯಲ್ಲಿ ಹಿಂಬಾಲಿಸುವುದು ಸಿನಿಮಾ ನೋಡಿದ ಹಾಗಲ್ಲ. ಲೆಕ್ಕದ ಪತ್ರಿಕೆಗಳಲ್ಲಿ ಬೋರ್ಡಿನ ಮೇಲಿನ ಅಂಕಿಗಳು ಭಾಷೆಯ ಕೊರತೆಯನ್ನು ತುಂಬಿಕೊಡುವುದರಿಂದ ಅಡ್ವಾನ್ಸ್ಡ್ ಅಕೌಂಟಿಂಗ್, ಕಾಸ್ಟಿಂಗ್‌ಗಳಿಗೆ ಮಿಶ್ರ ಭಾಷೆಯ ತರಗತಿ ಸಾಗೀತು. ಕಾನೂನು, ಆಡಿಟ್, ತೆರಿಗೆಗಳಿಗೆ ಮಾತ್ರ ಪೂರ್ತಿ ಇಂಗ್ಲಿಷಿನಲ್ಲಿ ಪಾಠ ಮಾಡುವವರನ್ನೇ ಹುಡುಕಿಕೊಳ್ಳಬೇಕು. ದಕ್ಷಿಣದ ರಾಜ್ಯಗಳಲ್ಲಿ ಅಂಥವರು ಸಿಗುತ್ತಾರೆ, ಹಲವು ಅಧ್ಯಾಪಕರು ಇಂಗ್ಲಿಷ್ ಬ್ಯಾಚನ್ನು ಬೇರೆಯಾಗಿಯೇ ನಡೆಸುತ್ತಾರೆ. ಮಧ್ಯೆ ಮಧ್ಯೆ ಕನ್ನಡದಲ್ಲಿ ಬಿಡಿಸಿ ಹೇಳುವ ಸ್ಥಳೀಯ ಅಧ್ಯಾಪಕರು ಹತ್ತಿರದಲ್ಲಿದ್ದರೆ, ಜಾಹೀರಾತಿನಲ್ಲಿ ಅವರ ಹೆಸರು ಕಾಣದಿದ್ದರೂ, ಮೊದಲ ಆದ್ಯತೆಯನ್ನು ಅವರಿಗೇ ಕೊಡುವುದು ಒಳ್ಳೆಯದು.

ಕೊಳ್ಳುವ ಮುನ್ನ ಷರತ್ತುಗಳನ್ನು ಓದುವ ಅಭ್ಯಾಸ, ಲೆಕ್ಕಪರಿಶೋಧಕರಾಗ ಹೊರಟವರಲ್ಲೂ ಅಪರೂಪವೇ. ರೆಕಾರ್ಡ್ ಮಾಡಿದ ತರಗತಿಗಳಿಗೆ ಸಾಮಾನ್ಯವಾಗಿ ನೋಡುವ ಗಂಟೆಗಳ ಮಿತಿ ಇರುತ್ತದೆ, ನಿರ್ದಿಷ್ಟ ಅವಧಿಯ ನಂತರ ಪಾಠ ತೆರೆದುಕೊಳ್ಳುವುದಿಲ್ಲ, ಒಂದೇ ಕಂಪ್ಯೂಟರ್‌ಗೆ ಬಿಗಿದಿರುತ್ತದೆ, ಹಣ ಹಿಂತಿರುಗಿಸುವ ಮಾತು ಇರುವುದಿಲ್ಲ. ಅವಧಿ ನಿಮ್ಮ ಅಟೆಂಪ್ಟ್‌ನ ತಿಂಗಳನ್ನು ದಾಟಿ ಮುಂದಿನ ಅಟೆಂಪ್ಟ್‌ವರೆಗೂ ಇದೆಯೇ ಎಂದು ನೋಡಿಕೊಳ್ಳಬೇಕು. ಇಂಟರ್ ಪರೀಕ್ಷೆ ಈಗ ವರ್ಷಕ್ಕೆ ಮೂರು ಬಾರಿ, ಜನವರಿ, ಮೇ ಮತ್ತು ಸೆಪ್ಟೆಂಬರ್‌ಗಳಲ್ಲಿ ನಡೆಯುವುದರಿಂದ ಅಂತರ ದೊಡ್ಡದಲ್ಲ. ಡೆಮೊ ವಿಡಿಯೊ ನೋಡುವಾಗ ಮೊದಲ ಪಾಠವನ್ನು ಬಿಟ್ಟು ಕೋರ್ಸಿನ ನಡುವಿನ ಒಂದು ಪಾಠವನ್ನು ಕೇಳಿ ಪಡೆಯಿರಿ. ಮೊದಲ ಪಾಠದಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ರ‍್ಯಾಂಕ್ ಬಂದವರ ಫೋಟೊಗಳಿಗೂ ಹೆಚ್ಚು ಬೆಲೆ ಕೊಡಬೇಕಾಗಿಲ್ಲ: ಒಬ್ಬರು ಒಂದೊಂದು ಪತ್ರಿಕೆಗೆ ಒಬ್ಬೊಬ್ಬರ ಬಳಿ ಕಲಿತಿರುವುದರಿಂದ ಅದೇ ಮುಖ ನಾಲ್ಕಾರು ಅಧ್ಯಾಪಕರ ಪೋಸ್ಟರ್‌ಗಳಲ್ಲಿ ನಗುತ್ತಿರುತ್ತದೆ.

ಪೂರ್ಣ ಪಾಠದ ರೆಗ್ಯುಲರ್ ಬ್ಯಾಚೋ ಕಡಿಮೆ ಗಂಟೆಗಳಲ್ಲಿ ಮುಗಿಸುವ ಫಾಸ್ಟ್‌ಟ್ರ್ಯಾಕ್ ಬ್ಯಾಚೋ ಎಂಬುದಕ್ಕೆ ನನ್ನ ಉತ್ತರ ಚಿಕ್ಕದು. ವಿಷಯವನ್ನು ಮೊದಲ ಬಾರಿ ಓದುವವರಿಗೆ ಫಾಸ್ಟ್‌ಟ್ರ್ಯಾಕ್ ಸಾಲದು. ಒಮ್ಮೆ ಪರೀಕ್ಷೆ ಬರೆದವರು ರೆಗ್ಯುಲರ್ ಬ್ಯಾಚನ್ನು ಮತ್ತೆ ಕೇಳುತ್ತ ಕೂರುವುದು ಸಮಯದ ದಂಡ.

ಇಷ್ಟೆಲ್ಲ ಖರ್ಚಿಗೆ ಮುಂದಾಗುವ ಮೊದಲು ಬೋರ್ಡ್ ಆಫ್ ಸ್ಟಡೀಸ್ ನಡೆಸುವ ಉಚಿತ ಲೈವ್ ಕೋಚಿಂಗ್ ತರಗತಿಗಳನ್ನು ಕೆಲವು ದಿನ ಕೇಳಿ ನೋಡಬಹುದು. ಗುಣಮಟ್ಟ ಅಧ್ಯಾಪಕರಿಂದ ಅಧ್ಯಾಪಕರಿಗೆ ಬದಲಾಗುತ್ತದೆ, ಖಾಸಗಿಯವರ ನಾಟಕೀಯತೆ ಅಲ್ಲಿಲ್ಲ, ವೇಗವೂ ಕೆಲವೊಮ್ಮೆ ಬೇಸರ ತರಿಸುವಷ್ಟು ನಿಧಾನ. ಆದರೂ ಪಾಠ ಮಾಡ್ಯೂಲ್‌ಗೆ ಅಂಟಿಕೊಂಡೇ ಸಾಗುವುದರಿಂದ, ಪುಸ್ತಕವನ್ನು ಒಂಟಿಯಾಗಿ ಓದಲಾಗದವರಿಗೆ ಅದು ಒಳ್ಳೆಯ ಜೊತೆ. ಊರಿನಲ್ಲೇ ತರಗತಿ ಬೇಕೆನ್ನುವವರು ಇನ್‌ಸ್ಟಿಟ್ಯೂಟ್‌ನ ಶಾಖೆಗಳನ್ನು ವಿಚಾರಿಸಬೇಕು. ಬೆಂಗಳೂರಿನ ಶಾಖೆ ವಸಂತನಗರದಲ್ಲಿದೆ; ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಲ್ಲೂ ಶಾಖೆಗಳಿವೆ.

ತೆರಿಗೆಯ ಪುಸ್ತಕಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಇಂಟರ್‌ನ ಮೂರನೆಯ ಪತ್ರಿಕೆಯಲ್ಲಿ ಆದಾಯ ತೆರಿಗೆಗೆ 50, ಜಿಎಸ್‌ಟಿಗೆ 50 ಅಂಕ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಪುಸ್ತಕ ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗುವ ಮುನ್ನ ಅದು ಯಾವ ಅಟೆಂಪ್ಟ್‌ನದೆಂದು ನೋಡಬೇಕು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗದಲ್ಲಿ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಲಾಗಿದೆ. ಅದರಲ್ಲಿ ಸೆಕ್ಷನ್‌ಗಳ ಸಂಖ್ಯೆಗಳೆಲ್ಲ ಬದಲಾಗಿವೆ, ಆದಾಯ ಗಳಿಸಿದ 'ಹಿಂದಿನ ವರ್ಷ' ಮತ್ತು ಅದರ ತೆರಿಗೆ ನಿರ್ಧರಿಸುವ 'ಅಸೆಸ್‌ಮೆಂಟ್ ವರ್ಷ' ಎಂಬ ಜೋಡಿಯ ಬದಲಿಗೆ ತೆರಿಗೆ ವರ್ಷ ಎಂಬ ಒಂದೇ ಕಲ್ಪನೆ ಬಂದಿದೆ. ಜಿಎಸ್‌ಟಿ ದರಗಳೂ 2025ರ ಸೆಪ್ಟೆಂಬರ್ 22ರಿಂದ ವ್ಯಾಪಕವಾಗಿ ಬದಲಾದವು. ಯಾವ ಅಟೆಂಪ್ಟ್‌ಗೆ ಯಾವ ಕಾನೂನು ಎಂಬುದನ್ನು ಇನ್‌ಸ್ಟಿಟ್ಯೂಟ್‌ನ ಪ್ರಕಟಣೆಯಲ್ಲಿ ನೋಡಿಕೊಂಡ ನಂತರವೇ ತೆರಿಗೆಯ ಪುಸ್ತಕಕ್ಕಾಗಲಿ ತರಗತಿಗಾಗಲಿ ಹಣ ಕೊಡಬೇಕು. ಉಳಿದ ವಿಷಯಗಳಲ್ಲಿ ಇಷ್ಟು ಬಿಗಿ ಬೇಡ. ಕಾಸ್ಟಿಂಗ್‌ಗೂ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್‌ಗೂ ಸೀನಿಯರ್‌ಗಳ ಹಳೆಯ ನೋಟ್ಸ್ ನಡೆಯುತ್ತದೆ. ಅಕೌಂಟಿಂಗ್ ಮತ್ತು ಅಡ್ವಾನ್ಸ್ಡ್ ಅಕೌಂಟಿಂಗ್ ಎಂದು ಎರಡು ಪತ್ರಿಕೆಗಳಿದ್ದ ಕಾಲದ ಪುಸ್ತಕವನ್ನು ಮಾತ್ರ ಈಗಿನ ಪಠ್ಯಕ್ರಮದೊಂದಿಗೆ ತಾಳೆ ನೋಡಿ ಬಳಸಬೇಕಾಗುತ್ತದೆ.

ಅಧ್ಯಾಪಕರು ಅಚ್ಚು ಹಾಕಿಸುವ ಸಂಕ್ಷಿಪ್ತ ಪುಸ್ತಕಗಳು ಮತ್ತು ಚಾರ್ಟ್‌ಗಳು ಕೊನೆಯ ತಿಂಗಳ ಪುನರಾವರ್ತನೆಗೆ ಉಪಯುಕ್ತ. ಬಣ್ಣಬಣ್ಣದ ಅಕ್ಷರಗಳಲ್ಲಿ ಸಾವಿರ ಪುಟಗಳ ಸಾರವನ್ನು ನೂರು ಪುಟಗಳಿಗೆ ಇಳಿಸಿದ್ದೇವೆಂದು ಹೇಳುವ ಇವುಗಳಿಂದಲೇ ಓದನ್ನು ಆರಂಭಿಸುವವರಿಗೆ, ಏನನ್ನು ಬಿಟ್ಟಿದ್ದಾರೆಂಬುದು ಪರೀಕ್ಷಾ ಕೊಠಡಿಯಲ್ಲಿಯೇ ಗೊತ್ತಾಗುವುದು. ಆಡಿಟ್‌ಗೆ ಸ್ವತಃ ಬರೆದುಕೊಂಡ ನೋಟ್ಸ್‌ನಷ್ಟು ಪ್ರಯೋಜನಕಾರಿಯಾದ ಚಾರ್ಟ್ ಒಂದನ್ನೂ ನಾನು ನೋಡಿಲ್ಲ.

ಪತ್ರಿಕೆವಾರು ಹೇಳುವುದಾದರೆ, ಅಡ್ವಾನ್ಸ್ಡ್ ಅಕೌಂಟಿಂಗ್ ಮತ್ತು ತೆರಿಗೆಗೆ ತರಗತಿ ಕೊಳ್ಳುವುದು ಸಮರ್ಥನೀಯ. ಮೊದಲನೆಯದರಲ್ಲಿ ಅಕೌಂಟಿಂಗ್ ಸ್ಟ್ಯಾಂಡರ್ಡ್‌ಗಳನ್ನೂ ಕಂಪನಿಗಳ ವಿಲೀನ, ಕನ್ಸಾಲಿಡೇಷನ್‌ಗಳನ್ನೂ ಒಬ್ಬರೇ ಓದಿ ಗ್ರಹಿಸಲು ಹೆಚ್ಚು ಸಮಯ ಬೇಕು, ಎರಡನೆಯದರಲ್ಲಿ ಬದಲಾವಣೆಗಳ ರಭಸ ಹೆಚ್ಚು. ಪದವಿಯಲ್ಲಿ ಕಾಸ್ಟಿಂಗನ್ನು ಸರಿಯಾಗಿ ಕಲಿತವರಿಗೆ ಆ ತರಗತಿ ಬೇಕಾಗದು, ಮಾಡ್ಯೂಲ್‌ನ ಲೆಕ್ಕಗಳೇ ಸಾಕು. ಕಾನೂನು ಅವರವರ ಓದುವ ಶಕ್ತಿಗೆ ಬಿಟ್ಟದ್ದು. ಆಡಿಟ್‌ಗೆ ಮತ್ತು ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್‌ಗೆ ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಹೀಗೆ ಉಳಿದ ಹಣವನ್ನು ಟೆಸ್ಟ್ ಸೀರೀಸ್‌ಗೆ ಹಾಕಬಹುದು. ಇದರಲ್ಲೂ ನೋಡಬೇಕಾದದ್ದು ಪರೀಕ್ಷೆಗಳ ಸಂಖ್ಯೆಯಲ್ಲ, ತಿದ್ದುವ ರೀತಿ. ಉತ್ತರದ ಪಕ್ಕದಲ್ಲಿ ಬರೀ ಅಂಕ ಹಾಕಿ ಕಳಿಸುವವರು ಬಹಳ. ನಿಬಂಧನೆಯನ್ನು ಪೂರ್ತಿ ಬರೆದಿಲ್ಲ, ವರ್ಕಿಂಗ್ ನೋಟ್ ಉತ್ತರಕ್ಕೆ ಜೋಡಣೆಯಾಗಿಲ್ಲ, ಐದು ಅಂಕದ ಪ್ರಶ್ನೆಗೆ ಮೂರು ಪುಟ ಬರೆದಿದ್ದೀರಿ ಎಂದು ಬರಹದಲ್ಲಿ ತಿಳಿಸುವವರು ವಿರಳ. ಸೇರುವ ಮೊದಲು ಹೆಸರು ಮರೆಸಿದ, ತಿದ್ದಿದ ಉತ್ತರ ಪತ್ರಿಕೆಯ ಮಾದರಿಯೊಂದನ್ನು ತೋರಿಸುವಂತೆ ಕೇಳಿ. ತೋರಿಸಲು ಹಿಂಜರಿದರೆ, ಇನ್‌ಸ್ಟಿಟ್ಯೂಟ್‌ನ ಮಾಕ್ ಟೆಸ್ಟ್ ಪೇಪರನ್ನು ಗಡಿಯಾರ ಇಟ್ಟುಕೊಂಡು ಬರೆದು, ಅದರ ಜೊತೆಗೇ ಪ್ರಕಟವಾಗುವ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಂಡು, ಇಂಟರ್ ಮುಗಿಸಿ ಆರ್ಟಿಕಲ್‌ಶಿಪ್‌ನಲ್ಲಿರುವ (ಸಿಎಗಳ ಬಳಿ ಪ್ರಾಯೋಗಿಕ ತರಬೇತಿಯಲ್ಲಿರುವ) ಪರಿಚಯದ ಸೀನಿಯರ್ ಒಬ್ಬರಿಂದ ತಿದ್ದಿಸಿಕೊಳ್ಳುವುದು ಅದಕ್ಕಿಂತ ಮೇಲು.