ಎಡಿಒ ಡಾಟ್ ನೆಟ್ ಡೇಟಾ ಅಡಾಪ್ಟರ್: ಕೆಲಸ ಚೆನ್ನಾಗಿದೆ, ಟೇಬಲ್ ಹೆಸರು ಮಾತ್ರ ನೀವೇ ಇಡಿ

ಮಲ್ಪೆ ಬಂದರಿನ ಮೀನು ವ್ಯಾಪಾರಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಹರಾಜು, ದೋಣಿ, ಬಾಕಿ ಎಲ್ಲ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿದೆ, ಸ್ಕ್ರೀನ್‌ಗಳು ಸಿ ಶಾರ್ಪ್ ಭಾಷೆಯಲ್ಲಿ. ನಡುವೆ ಇರುವುದು ಈ ಅಡಾಪ್ಟರ್, ಅಂದರೆ ಡೇಟಾಬೇಸ್‌ನಿಂದ ಡೇಟಾ ತಂದು ಪ್ರೋಗ್ರಾಂಗೆ ಕೊಡುವ, ಎಡಿಒ ಡಾಟ್ ನೆಟ್ ಅನ್ನುವ ಮೈಕ್ರೋಸಾಫ್ಟ್ ಲೈಬ್ರರಿಯ ಒಂದು ಭಾಗ. ಫಿಲ್ ಅಂತ ಕರೆದರೆ ಸಾಕು, ಕನೆಕ್ಷನ್ ತಾನೇ ತೆರೆದು, ಡೇಟಾ ತುಂಬಿಸಿ, ತಾನೇ ಮುಚ್ಚುತ್ತದೆ. ಇದರಲ್ಲಿ ನನಗೆ ಒಂದು ದೂರೂ ಇಲ್ಲ.

ಎಚ್ಚರ ಬೇಕಾಗಿರುವುದು ಹೆಸರಿನ ವಿಷಯದಲ್ಲಿ. ನೀವು ಹರಾಜು ಟೇಬಲ್‌ನಿಂದ ಸೆಲೆಕ್ಟ್ (ಡೇಟಾ ಕೇಳುವ ಕ್ವೆರಿ) ಮಾಡಿದ್ದರೂ, ತಂದದ್ದನ್ನು ಮೆಮೊರಿಯಲ್ಲಿ ಇಡುವ ಡೇಟಾಸೆಟ್‌ನಲ್ಲಿ ಹರಾಜು ಅಂತ ಹುಡುಕಿದರೆ ಏನೂ ಸಿಗುವುದಿಲ್ಲ, ಅಲ್ಲಿ ಬಂದು ಕೂತಿರುವುದು ಬರೀ 'ಟೇಬಲ್'. ಹರಾಜು, ದೋಣಿ, ಬಾಕಿ ಅಂತ ಒಂದೇ ಸಲ ಮೂರು ಸೆಲೆಕ್ಟ್ ಕಳಿಸಿದರೆ ಟೇಬಲ್, ಟೇಬಲ್1, ಟೇಬಲ್2. ಫಿಲ್‌ಗೆ 'ಹರಾಜು' ಅಂತ ಹೆಸರು ಕೊಟ್ಟರೂ ಅಷ್ಟೇ, ಹರಾಜು, ಹರಾಜು1, ಹರಾಜು2 ಆಗುತ್ತದೆ. ಹರಾಜು1ರ ಒಳಗೆ ದೋಣಿಗಳ ಪಟ್ಟಿ ಇರುತ್ತದೆ!

ಲೈಬ್ರರಿಯನ್ನು ಸುಮ್ನೆ ಬೈಯುವಂತಿಲ್ಲ. ದೋಣಿ ಮತ್ತು ಬಾಕಿ ಜಾಯಿನ್ ಮಾಡಿ ಒಟ್ಟಿಗೆ ತಂದ ಸಾಲುಗಳಿಗೆ ಯಾವ ಟೇಬಲ್‌ನ ಹೆಸರು ಇಡಬೇಕು? ಬರೀ ಕೌಂಟ್ (ಸಾಲುಗಳ ಎಣಿಕೆ) ತೆಗೆದರೆ? ಡೇಟಾಬೇಸ್‌ಗಳೂ ಒಂದೇ ಥರ ಇಲ್ಲ. ಮೈಎಸ್‌ಕ್ಯೂಎಲ್ ಪ್ರತಿ ಕಾಲಮ್ ಜೊತೆ ಟೇಬಲ್ ಹೆಸರನ್ನೂ ಕಳಿಸುತ್ತದೆ, ಪೋಸ್ಟ್‌ಗ್ರೆಸ್ ಬರೀ ಟೇಬಲ್‌ನ ಒಂದು ನಂಬರ್ ಕಳಿಸುತ್ತದೆ. ಎಲ್ಲದಕ್ಕೂ ಹೊಂದಬೇಕಾದ ಅಡಾಪ್ಟರ್ ಬಂದ ಕ್ರಮವನ್ನು ಮಾತ್ರ ನಂಬುತ್ತದೆ.

ಆದರೆ ಕ್ರಮ ಬದಲಾಗುತ್ತದೆ, ಅಲ್ವಾ? ಜೂನ್, ಜುಲೈ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟ್‌ಗಳು ಇಳಿಯುವ ಹೊತ್ತಿಗೆ ಎಲ್ಲರಿಗೂ ಹೊಸ ರಿಪೋರ್ಟ್ ಬೇಕು. ಯಾರೋ ಈ ಸೆಲೆಕ್ಟ್‌ಗಳನ್ನೆಲ್ಲ ಬರೆದಿಟ್ಟ ಪ್ರೊಸೀಜರ್‌ನ ಮೇಲ್ಗಡೆ ಬಂಗುಡೆ, ಬೂತಾಯಿ ದರದ ಒಂದು ಸೆಲೆಕ್ಟ್ ಸೇರಿಸುತ್ತಾರೆ. ಅಲ್ಲಿಂದ ಕೆಳಗಿನದ್ದೆಲ್ಲ ಒಂದೊಂದು ಸ್ಥಾನ ಜರುಗುತ್ತದೆ. ಟೇಬಲ್2 ಅಂದರೆ ಬಾಕಿ ಅಂತ ನಂಬಿದ ಕೋಡ್‌ಗೆ ಈಗ ಸಿಗುವುದು ದೋಣಿ. ಇನ್ನೊಂದು ಸೂಕ್ಷ್ಮ ಇದೆ: ಇನ್ಸರ್ಟ್ (ಸಾಲು ಸೇರಿಸುವ ಕ್ವೆರಿ) ಆಮೇಲೆ ಸೆಲೆಕ್ಟ್ ಇದ್ದರೆ ಇನ್ಸರ್ಟ್ ಲೆಕ್ಕಕ್ಕೇ ಇಲ್ಲ, ಸೆಲೆಕ್ಟ್‌ಗೇ 'ಟೇಬಲ್' ಅನ್ನುವ ಹೆಸರು ಹೋಗುತ್ತದೆ. ಒಂದೂ ಸಾಲು ಸಿಗದ ಸೆಲೆಕ್ಟ್‌ಗೆ ಮಾತ್ರ ಖಾಲಿ ಟೇಬಲ್ ಬಂದೇ ಬರುತ್ತದೆ.

ಹೆಸರು ಹೊಂದಿಸಲು ಅಡಾಪ್ಟರ್‌ನಲ್ಲೇ ಟೇಬಲ್‌ಮ್ಯಾಪಿಂಗ್ಸ್ ಇದೆ, ಬಳಸಿ. 'ಟೇಬಲ್' ಅಂದರೆ ಹರಾಜು, 'ಟೇಬಲ್1' ಅಂದರೆ ದೋಣಿ ಅಂತ ಮೊದಲೇ ಬರೆದಿಟ್ಟರೆ ಉಳಿದ ಕೋಡ್ ಓದುವವರಿಗೆ ತುಂಬ ಹಗುರ. ಆದರೆ ಅದೂ ಕ್ರಮದ ಮೇಲೆಯೇ ನಿಂತಿದೆ, ಹಾಗಾಗಿ ಹೊಸ ಸೆಲೆಕ್ಟ್ ಯಾವಾಗಲೂ ಕೊನೆಗೇ ಸೇರಿಸಿ. ದುಡ್ಡಿನ ಲೆಕ್ಕ ಇರುವ ಕಡೆ ನಾನು ಒಂದೊಂದು ಕ್ವೆರಿಗೂ ಬೇರೆ ಫಿಲ್ ಕರೆದು ಹೆಸರು ಕೈಯಾರೆ ಕೊಡುತ್ತೇನೆ. ಸರ್ವರ್‌ಗೆ ಓಡಾಟ ಜಾಸ್ತಿ ಆಗುತ್ತದೆ, ಆಗಲಿ.

ಕಾಲಮ್‌ಗಳದ್ದೂ ಇದೇ ಕತೆ. ಒಂದೇ ಸೆಲೆಕ್ಟ್‌ನಲ್ಲಿ ದೋಣಿಗೂ ವ್ಯಾಪಾರಿಗೂ 'ಹೆಸರು' ಕಾಲಮ್ ಇದ್ದರೆ ಎರಡನೆಯದು 'ಹೆಸರು1' ಆಗುತ್ತದೆ. ಕ್ವೆರಿಯಲ್ಲೇ ಏಲಿಯಾಸ್ (ಬೇರೆ ಹೆಸರು) ಕೊಡಿ. ಡೇಟಾಸೆಟ್ ಬಿಟ್ಟು ಒಂದೇ ಡೇಟಾಟೇಬಲ್ ನೇರ ಬಳಸುವವರೂ ಹೆಸರು ಇಡಿ, ಹೆಸರಿಲ್ಲದಿದ್ದರೆ ಅದನ್ನು ಎಕ್ಸ್‌ಎಂಎಲ್ ಆಗಿ ಬರೆಯುವ ರೈಟ್‌ಎಕ್ಸ್‌ಎಂಎಲ್ ಎರರ್ ಕೊಟ್ಟು ನಿಂತುಬಿಡುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಬಹಳ ಸೆಲೆಕ್ಟ್ ಬಂದಾಗ ಹೆಸರುಗಳ ಪಟ್ಟಿಯನ್ನೇ ಫಿಲ್‌ಗೆ ಕೊಡುವ ಹಾಗಿದ್ದರೆ ಐದೂ ಕೊಡುತ್ತಿದ್ದೆ.